ಅಮ್ಮನನ್ನ ಹೊರಗೆ ಕೂರ್ಸೋದು ಮೊದಲು ಕಲಿಸಿ, ಡೆಫಿನಿಷನ್ ಆಮೇಲೆ

ಪ್ರಶ್ನೆ: ಸರ್, ನಾನು ಉಡುಪಿ ಕಡೆಯ ಒಂದು ಮೆಡಿಕಲ್ ಕಾಲೇಜಲ್ಲಿ ಅಸಿಸ್ಟೆಂಟ್ ಪ್ರೊಫೆಸರ್. ಗೇ, ಲೆಸ್ಬಿಯನ್, ಟ್ರಾನ್ಸ್ ಹದಿಹರೆಯದವ್ರ ಜೊತೆ ಡಾಕ್ಟ್ರು ಹೇಗೆ ಮಾತಾಡ್ಬೇಕು ಅನ್ನೋ ಟಾಪಿಕನ್ನ ಈ ಸಲ ಎಟ್‌ಕಾಮ್ (ನಡತೆ, ನೀತಿ, ಮಾತುಕತೆ ಕಲಿಸೋ) ಕ್ಲಾಸಿಗೆ ನಂಗೆ ಕೊಟ್ಟಿದ್ದಾರೆ. ಎರಡು ಗಂಟೆ, 150 ಮಕ್ಕಳು. ಸ್ಲೈಡ್ ಮಾಡ್ಲಿಕ್ಕೆ ಕೂತ್ರೆ ಬರೀ ಡೆಫಿನಿಷನ್ನೇ ಬರ್ತಾ ಉಂಟು. ಅರ್ಧ ಮಕ್ಕಳು ಕೇರಳದವ್ರು, ಉತ್ತರ ಭಾರತದವ್ರು, ಕನ್ನಡವೂ ಇಲ್ಲ ತುಳುವೂ ಇಲ್ಲ. ಕೆಲವ್ರು ಟಾಪಿಕ್ ಹೆಸರು ಕೇಳಿಯೇ ನಕ್ರು, ಒಬ್ಬ ಬಂದು ನನ್ನ ಧರ್ಮ ಇದನ್ನ ಒಪ್ಪೋದಿಲ್ಲ ಮ್ಯಾಮ್ ಅಂದ. ನಿಜ ಹೇಳ್ಬೇಕಂದ್ರೆ ನಂಗೇ ಮುಜುಗರ. ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಮೇಡಂ, ಮೊದಲು ಆ ಸ್ಲೈಡ್ ಫೈಲ್ ಕ್ಲೋಸ್ ಮಾಡಿ. ಎಲ್‌ಜಿಬಿಟಿಯಲ್ಲಿ ಎಲ್ ಅಂದ್ರೆ ಇದು, ಜಿ ಅಂದ್ರೆ ಇದು ಅಂತ ಅಕ್ಷರಮಾಲೆ ಹೇಳಿಕೊಡೋ ಕ್ಲಾಸನ್ನ ನಾನೂ ನಾಲ್ಕೈದು ವರ್ಷ ಮಾಡಿದ್ದೇನೆ. ಎಂಸಿಕ್ಯೂ ಕೊಟ್ರೆ ಮಕ್ಕಳು ಎಲ್ಲ ಸರಿ ಟಿಕ್ ಮಾಡ್ತಾರೆ, ಮರುವಾರ ಒಪಿಡಿಯಲ್ಲಿ ಅದೇ ಮಕ್ಕಳು ಹದಿನೇಳರ ಹುಡುಗಿ ಹತ್ರ ಬಾಯ್‌ಫ್ರೆಂಡ್ ಇದ್ದಾನಾ ಅಂತ ಅವಳ ಅಮ್ಮನ ಎದುರೇ ಕೇಳ್ತಾರೆ. ಡೆಫಿನಿಷನ್ ತಲೆಗೆ ಹೋಗಿದೆ, ಬಾಯಿಗೆ ಬರ್ಲಿಲ್ಲ. ನಿಮ್ಮ ಹತ್ರ ಇರೋದು ಎರಡೇ ಗಂಟೆ, ಅದನ್ನ ಬಾಯಿಗೆ ಮತ್ತು ಮುಖಕ್ಕೆ ಖರ್ಚು ಮಾಡಿ ಅಂತ ನನ್ನ ಸಲಹೆ.

ಮುಖ ಅಂದದ್ದು ಯಾಕೆ ಅಂದ್ರೆ, ಈ ಮಕ್ಕಳು ಬಂದು ಡಾಕ್ಟ್ರೇ ನಾನು ಗೇ ಅಂತ ಶುರು ಮಾಡೋದಿಲ್ಲ. ಹೊಟ್ಟೆನೋವು, ನಿದ್ದೆ ಇಲ್ಲ, ತಲೆನೋವು, ಕಾಲೇಜಿಗೆ ಹೋಗ್ಲಿಕ್ಕೆ ಮನಸ್ಸಿಲ್ಲ ಅಂತ ಬರ್ತಾರೆ, ನಡುವೆ ಒಂದು ಸಣ್ಣ ಮಾತು ಬಿಟ್ಟು ನಿಮ್ಮ ಮುಖ ನೋಡ್ತಾರೆ, ಹಾಸ್ಟೆಲಲ್ಲಿ ನನ್ನನ್ನ ಸ್ವಲ್ಪ ಗೇಲಿ ಮಾಡ್ತಾರೆ ಸರ್ ಅಂತಲೋ, ನಾನು ಸ್ವಲ್ಪ ಡಿಫರೆಂಟ್ ಅಂತಲೋ. ಆ ಕ್ಷಣದಲ್ಲಿ ಡಾಕ್ಟರ ಹುಬ್ಬು ಏರಿತಾ, ಪೆನ್ನು ನಿಂತಿತಾ, ನರ್ಸ್ ಕಡೆ ನೋಡಿ ಬಾಯಿ ಕೊಂಕಾಯ್ತಾ, ಅಷ್ಟರಲ್ಲಿ ಆ ಮಗು ಹೇಳ್ಬೇಕಾ ಬೇಡ್ವಾ ಅಂತ ತೀರ್ಮಾನ ಮಾಡಿ ಆಗಿರ್ತದೆ.

ನಾನೇ ಮಾಡಿದ ತಪ್ಪು ಹೇಳ್ತೇನೆ. ಪಿಜಿ ಮಾಡ್ತಾ ಇದ್ದಾಗ, ಮಂಗಳೂರಲ್ಲೇ, ಸೆಕೆಂಡ್ ಪಿಯುಸಿ ಹುಡುಗ ಒಬ್ಬ ಎದೆನೋವು ಅಂತ ಬಂದಿದ್ದ, ಜೊತೆಗೆ ಅಮ್ಮ ಮತ್ತೆ ಸೋದರಮಾವ. ಇಸಿಜಿ ನಾರ್ಮಲ್, ರಕ್ತ ಎಲ್ಲ ನಾರ್ಮಲ್. ನಾನು ಜಾಣ ಅಂತ ತೋರ್ಸ್ಲಿಕ್ಕೆ ಎಂತ ಮಾರಾಯ ಗರ್ಲ್‌ಫ್ರೆಂಡ್ ಕೈ ಕೊಟ್ಳಾ ಅಂದೆ. ಮಾವ ಜೋರು ನಕ್ಕ, ಅಮ್ಮ ನಕ್ರು, ಹುಡುಗನೂ ನಕ್ಕ. ಹೊರಗೆ ಹೋಗುವಾಗ ಬಾಗಿಲ ಹತ್ರ ನಿಂತು ಸರ್ ಇನ್ನೊಂದು ಕೇಳ್ಳಿಕ್ಕಿತ್ತು ಅಂದ, ಅಷ್ಟರಲ್ಲಿ ಮಾವ ರಿಕ್ಷಾ ಕಾಯ್ತಾ ಉಂಟು ಬಾ ಅಂತ ಎಳ್ಕೊಂಡು ಹೋದ್ರು. ಮತ್ತೆ ಬರ್ಲಿಲ್ಲ. ಅವ ಎಂತ ಕೇಳ್ಳಿಕ್ಕಿದ್ದ ಅಂತ ನಂಗೆ ಗೊತ್ತಿಲ್ಲ, ಬೇರೆ ಎಂತದ್ದೋ ಇರ್ಬಹುದು, ಆದ್ರೆ ಗರ್ಲ್‌ಫ್ರೆಂಡ್ ಅನ್ನೋ ಒಂದು ಶಬ್ದದಿಂದ ನಾನು ಅವನಿಗೆ ಇದ್ದ ಬಾಗಿಲು ಮುಚ್ಚಿದ್ದು ಮಾತ್ರ ಹೌದು. ಕ್ಲಾಸಲ್ಲಿ ಈಗ ನಾನು ಶುರು ಮಾಡೋದು ಇದರಿಂದಲೇ. ನಿಮ್ಮ ಹತ್ರವೂ ಇಂಥದ್ದೊಂದು ಇದ್ದೇ ಇರ್ತದೆ, ನೆನಪು ಮಾಡಿ. ಟೀಚರ್ ತಾನು ಎಡವಿದ್ದು ಹೇಳಿದ್ರೆ ಮಕ್ಕಳ ನಗು ತಾನಾಗಿ ನಿಲ್ತದೆ.

ಈಗ ನೀವು ಕೇಳಿದ ಎಲ್ಲಿಂದ ಶುರು. ಅಮ್ಮನನ್ನ ಹೊರಗೆ ಕೂರ್ಸೋದ್ರಿಂದ. ನಗ್ಬೇಡಿ, ನಮ್ಮ ಊರಲ್ಲಿ ಇದೇ ಅತಿ ಕಷ್ಟದ ಸ್ಕಿಲ್. ಒಂದು ಮಗು ಒಪಿಡಿಗೆ ಬಂದ್ರೆ ಅಮ್ಮ, ಅಜ್ಜಿ, ಮಾವ, ಕೆಲವೊಮ್ಮೆ ಪಕ್ಕದ ಮನೆಯ ರಿಕ್ಷಾದವ್ರು, ಅದರ ಮೇಲೆ ದುಬೈಯಿಂದ ಅಪ್ಪ ವಾಟ್ಸಾಪ್ ವಿಡಿಯೋ ಕಾಲಲ್ಲಿ. ಇಷ್ಟು ಜನರ ಎದುರು ಯಾವ ಹದಿನಾರರ ಮಗು ಬಾಯಿ ಬಿಡ್ತದೆ ಹೇಳಿ. ಸ್ಟೂಡೆಂಟ್ಸಿಗೆ ಒಂದು ವಾಕ್ಯ ಬಾಯಿಪಾಠ ಮಾಡ್ಸಿ: ಅಮ್ಮಾ, ಹನ್ನೆರಡು ದಾಟಿದ ಎಲ್ಲ ಮಕ್ಕಳ ಹತ್ರವೂ ನಾವು ಐದು ನಿಮಿಷ ಒಬ್ಬರೇ ಮಾತಾಡ್ತೇವೆ, ಇಲ್ಲಿಯ ಪದ್ಧತಿ ಅದು, ಆಮೇಲೆ ನಿಮ್ಮನ್ನೂ ಕೂರ್ಸಿ ಮಾತಾಡ್ತೇನೆ. ಇದ್ರಲ್ಲಿ ಎಲ್ಲ ಮಕ್ಕಳ ಹತ್ರವೂ ಅನ್ನೋ ಶಬ್ದ ಮುಖ್ಯ, ಅದಿಲ್ಲದಿದ್ರೆ ನನ್ನ ಮಗುವಿಗೆ ಎಂತದೋ ಆಗಿದೆ ಅಂತ ಅಮ್ಮನಿಗೆ ಗಾಬರಿ. ಮತ್ತೆ ಇದು ಬರೀ ಮಾತಲ್ಲ, ನಿಜವಾಗಿ ಎಲ್ಲರಿಗೂ ಮಾಡ್ಬೇಕು, ಕೆಮ್ಮು ಅಂತ ಬಂದವನಿಗೂ. ನಿಮಗೆ ಸಂಶಯ ಬಂದವ್ರಿಗೆ ಮಾತ್ರ ಮಾಡಿದ್ರೆ ಯಾರು ಹೆಣ್ಣಿಗನ ಹಾಗೆ ಕಾಣ್ತಾರೆ ಅಂತ ನೀವೇ ಆರಿಸಿದ ಹಾಗಾಯ್ತು, ಅದಕ್ಕಿಂತ ಕೇಳದೆ ಇರೋದೇ ಒಳ್ಳೇದು. ವಿಡಿಯೋ ಕಾಲಿನ ಅಪ್ಪನಿಗೂ ಒಂದು ವಾಕ್ಯ ಬೇಕು, ಫೋನ್ ಅಮ್ಮನ ಜೊತೆ ಹೊರಗೆ ಹೋಗ್ಬೇಕು. ಇದನ್ನ ಇಬ್ಬಿಬ್ಬರು ಮಕ್ಕಳನ್ನ ನಿಲ್ಸಿ ಹತ್ತು ಸಲ ಮಾಡ್ಸಿ. ಅಮ್ಮನ ಪಾರ್ಟು ಮಾಡೋರಿಗೆ ಹೇಳಿ, ಸುಲಭಕ್ಕೆ ಏಳ್ಬೇಡಿ, ನನ್ನ ಎದುರು ಹೇಳದ್ದು ಎಂತ ಉಂಟು ಇವನಿಗೆ ಅಂತ ಒಂದೆರಡು ಸಲ ವಾದ ಮಾಡಿ ಅಂತ.

ಅಮ್ಮ ಹೊರಗೆ ಹೋದ ಮೇಲೆ ಎರಡನೇ ವಾಕ್ಯ, ಗುಟ್ಟಿನದ್ದು. ಇಲ್ಲಿ ಒಳ್ಳೆ ಮನಸ್ಸಿನ ಸ್ಟೂಡೆಂಟ್ಸೇ ಹೆಚ್ಚು ತಪ್ಪು ಮಾಡ್ತಾರೆ, ಯಾರಿಗೂ ಹೇಳೋದಿಲ್ಲ ಪ್ರಾಮಿಸ್ ಅಂತಾರೆ. ಹಾಗೆ ಮಾತು ಕೊಡ್ಲಿಕ್ಕೆ ಬರೋದಿಲ್ಲ. 2012ರ ಪೋಕ್ಸೋ ಕಾಯ್ದೆ ಪ್ರಕಾರ ಹದಿನೆಂಟರ ಒಳಗಿನವ್ರ ಮೇಲೆ ಲೈಂಗಿಕ ಅಪರಾಧ ಆಗಿದೆ ಅಂತ ಗೊತ್ತಾದ್ರೆ ತಿಳಿಸ್ಲೇಬೇಕು, ಸೆಕ್ಷನ್ 19, ಡಾಕ್ಟ್ರಿಗೂ ವಿನಾಯಿತಿ ಇಲ್ಲ. ಮಗು ಜೀವ ಕಳ್ಕೊಳ್ಳೋ ಯೋಚನೆಯಲ್ಲಿದ್ರೂ ನಾವೊಬ್ರೇ ಇಟ್ಕೊಳ್ಳಿಕ್ಕೆ ಆಗೋದಿಲ್ಲ. ಹಾಗಾಗಿ ಮೊದಲೇ ಹೇಳೋದು: ನೀನು ಹೇಳಿದ್ದು ನಮ್ಮಲ್ಲೇ ಇರ್ತದೆ, ಮನೆಯವ್ರಿಗೆ ಹೇಳೋದಿಲ್ಲ. ನಿನ್ನ ಜೀವಕ್ಕೆ ಅಥವಾ ಬೇರೆಯವ್ರ ಜೀವಕ್ಕೆ ಅಪಾಯ ಅಂತ ಅನ್ಸಿದ್ರೆ, ಯಾರಾದ್ರೂ ನಿಂಗೆ ಕೆಟ್ಟದ್ದು ಮಾಡ್ತಿದ್ರೆ, ಕಾನೂನು ತಿಳಿಸು ಅಂತ ಹೇಳುವಂಥದ್ದಾದ್ರೆ ಮಾತ್ರ ನಾನು ಇನ್ನೊಬ್ರಿಗೆ ಹೇಳ್ಬೇಕಾಗ್ತದೆ, ಆಗಲೂ ಮೊದಲು ನಿಂಗೆ ಹೇಳಿಯೇ ಹೇಳ್ತೇನೆ. ಉದ್ದ ಆಯ್ತು ಅಂತ ಅನ್ಸ್ತದೆ, ಗಡಿಯಾರ ಹಿಡಿದು ನೋಡಿ, ಅರ್ಧ ನಿಮಿಷಕ್ಕಿಂತ ಹೆಚ್ಚೇನಿಲ್ಲ. ಮತ್ತೆ ಸ್ಟೂಡೆಂಟ್ ಆಗ್ಲಿ ಇಂಟರ್ನ್ ಆಗ್ಲಿ, ಪೋಕ್ಸೋ ವಾಸನೆ ಬಂದ ಕೂಡ್ಲೆ ಸೀನಿಯರನ್ನ ಕರೀಬೇಕು, ತಾನೇ ಪತ್ತೇದಾರಿ ಮಾಡ್ಬಾರ್ದು ಅಂತಲೂ ಹೇಳಿ.

ಆಮೇಲಿನ ಮಾತುಕತೆಗೆ ಒಂದು ದಾರಿ ಉಂಟು, ಹೆಡ್ಸ್ ಅಂತಾರೆ, ಕೇಳ್ಬೇಕಾದ ವಿಷಯಗಳ ಇಂಗ್ಲಿಷ್ ಮೊದಲಕ್ಷರ ಸೇರಿಸಿದ ಹೆಸರು, ಗೋಲ್ಡನ್‌ರಿಂಗ್ ಮತ್ತು ಕೋಹೆನ್ ಅನ್ನೋ ಅಮೆರಿಕದ ಡಾಕ್ಟ್ರುಗಳು 1988ರಲ್ಲಿ ಬರೆದ ಮೇಲೆ ಎಲ್ಲ ಕಡೆ ಹರಡಿದ್ದು. ಮನೆ, ಓದು, ಊಟ, ಹವ್ಯಾಸ, ಕುಡಿತ ಗಾಂಜಾ, ಆಮೇಲೆ ಪ್ರೀತಿ ಲೈಂಗಿಕತೆ, ಬೇಸರ ಆತ್ಮಹತ್ಯೆ, ಸುರಕ್ಷತೆ. ಹೊಸ್ತಿಲಿಂದ ಒಳಮನೆಗೆ ಹೋದ ಹಾಗೆ. ಮನೆಯಲ್ಲಿ ಯಾರ್ಯಾರು ಇದ್ದೀರಿ ಅಂತ ಕೇಳಿದವ್ರಿಗೆ ಐದು ನಿಮಿಷ ಕಳೆದು ಮನಸ್ಸಿನ ವಿಷಯ ಕೇಳುವ ಹಕ್ಕು ಬರ್ತದೆ. ನಮ್ಮ ಮಕ್ಕಳು ಇದನ್ನ ಚೆಕ್‌ಲಿಸ್ಟ್ ಮಾಡಿ ಪೊಲೀಸ್ ಎನ್‌ಕ್ವಯರಿ ಹಾಗೆ ಓದ್ತಾರೆ, ಅದನ್ನ ತಡೀಬೇಕು. ಕೇಂದ್ರ ಸರ್ಕಾರದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಬಂದದ್ದು 2014ರಲ್ಲಿ, 10ರಿಂದ 19 ವರ್ಷದವ್ರಿಗೆ, ನಮ್ಮಲ್ಲಿ ಸ್ನೇಹ ಕ್ಲಿನಿಕ್ ಅಂತ ಬೋರ್ಡ್ ನೋಡಿರ್ತೀರಿ. ಪೋಸ್ಟಿಂಗಲ್ಲಿ ಮಕ್ಕಳನ್ನ ಅಲ್ಲಿ ಒಂದು ಮಧ್ಯಾಹ್ನ ಕೂರ್ಸಿದ್ರೆ ಕೌನ್ಸಿಲರ್ ಹೇಗೆ ಮಾತು ಎಳೀತಾರೆ ಅಂತ ಕಣ್ಣಾರೆ ಕಾಣ್ತದೆ, ನನ್ನ ಲೆಕ್ಚರಿಗಿಂತ ಅದು ಎಷ್ಟೋ ಮೇಲು.

ಪ್ರೀತಿಯ ಪ್ರಶ್ನೆ ಬಂದಾಗ ಶಬ್ದ ಹೇಗೆ. ನಮ್ಮ ಡಾಕ್ಟರ ಹಳೇ ಅಡ್ಡದಾರಿ ಗೊತ್ತುಂಟಲ್ಲ, ಮದುವೆ ಆಗಿದ್ಯಾ. ತುಳುವಲ್ಲಾದ್ರೆ ಮದಿಮೆ ಆತ್ಂಡಾ. ಆಗಿಲ್ಲ ಅಂದ್ರೆ ಲೈಂಗಿಕ ಜೀವನವೇ ಇಲ್ಲ ಅಂತ ಬರೆದು ಮುಂದೆ. ಅದರ ಬದಲು: ನಿನ್ನ ವಯಸ್ಸಲ್ಲಿ ತುಂಬ ಜನರಿಗೆ ಯಾರ ಮೇಲಾದ್ರೂ ಮನಸ್ಸಾಗ್ತದೆ, ಕೆಲವ್ರಿಗೆ ಹುಡುಗರ ಮೇಲೆ, ಕೆಲವ್ರಿಗೆ ಹುಡುಗೀರ ಮೇಲೆ, ಕೆಲವ್ರಿಗೆ ಎರಡೂ, ಕೆಲವ್ರಿಗೆ ಯಾರ ಮೇಲೂ ಆಗೋದಿಲ್ಲ, ನಿಂಗೆ ಹೇಗೆ, ಹೇಳ್ಬೇಕು ಅನ್ಸಿದ್ರೆ ಮಾತ್ರ ಹೇಳು. ಕೊನೆಯ ತುಂಡು ಬಿಡ್ಬಾರ್ದು. ಹೇಳದೆ ಇರೋದು ಕೂಡ ಅವ್ರ ಹಕ್ಕು, ಇವತ್ತು ಹೇಳದವ ಮುಂದಿನ ಸಲ ಹೇಳ್ತಾನೆ. ಹೇಳಿದ್ರೆ ಏನನ್ಬೇಕು ಅಂತ ಮಕ್ಕಳಿಗೆ ಭಾರೀ ಮಂಡೆಬಿಸಿ, ನಾನು ಹೇಳಿಕೊಡೋದು ಹೇಳಿದ್ದು ಒಳ್ಳೇದಾಯ್ತು, ಇದನ್ನ ಬೇರೆ ಯಾರಿಗೆ ಹೇಳಿದ್ದೀಯ ಅಂತ, ಅಷ್ಟೇ. ಈ ಎರಡನೇ ಪ್ರಶ್ನೆಯಿಂದ ಮಗು ಎಷ್ಟು ಒಂಟಿ, ಮನೆಯಲ್ಲಿ ಗೊತ್ತಾದ್ರೆ ಎಂತ ಆಗ್ಬಹುದು ಅನ್ನೋದೆಲ್ಲ ಹೊರಗೆ ಬರ್ತದೆ. ಯಾವಾಗಿನಿಂದ ಹೀಗೆ, ಕನ್ಫರ್ಮಾ, ಸ್ವಲ್ಪ ದಿನದ್ದು ಇರ್ಬಹುದಲ್ವಾ ಅಂತ ಕೇಳೋದು ಬೇಡವೇ ಬೇಡ, ಹುಡುಗಿ ಮೇಲೆ ಮನಸ್ಸಾದ ಹುಡುಗನ ಹತ್ರ ಯಾರೂ ಕನ್ಫರ್ಮಾ ಅಂತ ಕೇಳೋದಿಲ್ಲ.

ಆತ್ಮಹತ್ಯೆ ಯೋಚನೆ ಬಗ್ಗೆ ನೇರ ಕೇಳ್ಬೇಕು. ಕೇಳಿದ್ರೆ ತಲೆಗೆ ಹಾಕಿದ ಹಾಗೆ ಅನ್ನೋದು ಹಳೇ ಹೆದರಿಕೆ, ಕೇಳೋದ್ರಿಂದ ಅಪಾಯ ಹೆಚ್ಚೋದಿಲ್ಲ ಅಂತ ಸಂಶೋಧನೆಗಳು ಹೇಳ್ತವೆ. ಸಾಯುವ ಯೋಚನೆ ಬರ್ತದಾ, ಹೇಗೆ ಅಂತ ಯೋಚನೆ ಮಾಡಿದ್ದುಂಟಾ, ಈ ಎರಡು ಪ್ರಶ್ನೆ ಗಂಟಲಲ್ಲಿ ಸಿಕ್ಕಿಕೊಳ್ಳದೆ ಬರೋವರೆಗೆ ಪ್ರಾಕ್ಟೀಸ್. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಪ್ರತಿಯೊಬ್ಬ ಸ್ಟೂಡೆಂಟಿನ ಫೋನಲ್ಲಿ ಇರ್ಲಿ, ರೋಗಿಗೆ ಮಾತ್ರ ಅಲ್ಲ, ಅವ್ರಿಗೂ ಬೇಕಾಗ್ತದೆ.

ಭಾಷೆಯ ವಿಷಯಕ್ಕೆ ಬರ್ತೇನೆ, ಇಲ್ಲಿ ನೀವು ಕಷ್ಟ ಅಂತ ಬರೆದದ್ದೇ ನಂಗೆ ಇಷ್ಟದ ಜಾಗ. ಕನ್ನಡ ಬಾರದ ಮಕ್ಕಳು ಏನು ಮಾಡ್ತಾರೆ, ಅಟೆಂಡರನ್ನೋ ನರ್ಸನ್ನೋ ಅಥವಾ ಮಗುವಿನ ಅಕ್ಕನನ್ನೋ ಟ್ರಾನ್ಸ್‌ಲೇಟ್ ಮಾಡಿ ಅಂತ ಕರೀತಾರೆ. ಜ್ವರಕ್ಕೆ ಅದು ನಡೀತದೆ. ಈ ವಿಷಯಕ್ಕೆ ಅಕ್ಕನನ್ನ ಕರೆದ್ರೆ ಆ ದಿನ ಸಂಜೆ ಇಡೀ ಮನೆಗೆ ಗೊತ್ತು. ಆದ್ದರಿಂದ ಮನೆಯವ್ರನ್ನ ದುಭಾಷಿ ಮಾಡ್ಬಾರ್ದು ಅನ್ನೋದು ಕಟ್ಟುನಿಟ್ಟು, ಮತ್ತೆ ಹತ್ತು ವಾಕ್ಯ ಕನ್ನಡದಲ್ಲಿ, ನಾಲ್ಕು ತುಳುವಲ್ಲಿ, ಬಾಯಿಪಾಠ. ಯಾನ್ ಇಲ್ಲಡ್ ಪನ್ಪುಜಿ, ನಾನು ಮನೆಯಲ್ಲಿ ಹೇಳೋದಿಲ್ಲ, ಇದನ್ನ ಕೊಟ್ಟಾಯಂನ ಹುಡುಗಿ ಒಬ್ಳು ಮುರುಕು ತುಳುವಲ್ಲಿ ಹೇಳಿದ್ದಕ್ಕೆ ಪಾತ್ರ ಮಾಡ್ತಿದ್ದವ್ರಿಗೇ ನಗು ಮತ್ತು ಕಣ್ಣೀರು ಒಟ್ಟಿಗೆ ಬಂದದ್ದುಂಟು.

ಇಂಗ್ಲಿಷಲ್ಲಿ ಸರ್ವನಾಮದ ದೊಡ್ಡ ರಾದ್ಧಾಂತ ಉಂಟಲ್ಲ, ಹಿ ಅಂತಲಾ ಶಿ ಅಂತಲಾ ದೇ ಅಂತಲಾ. ನಮ್ಮಲ್ಲಿ ಅವರು ಅಂದ್ರೆ ಮುಗೀತು. ತುಳುವಲ್ಲೂ ಆಯೆ, ಆಳ್ ಬಿಟ್ಟು ಆರ್ ಅಂದ್ರೆ ಆಯ್ತು, ಎದುರಿದ್ದವ್ರಿಗೆ ಈರ್. ಮರ್ಯಾದೆಯೂ ಸಿಗ್ತದೆ, ಗಂಡು ಹೆಣ್ಣು ಅಂತ ಊಹೆ ಮಾಡ್ಬೇಕಾಗಿಯೂ ಇಲ್ಲ. ತೊಂದರೆ ಎಲ್ಲಿ ಅಂದ್ರೆ ನಾವು ಮಕ್ಕಳಿಗೆ ಮರ್ಯಾದೆ ಕೊಡೋ ಅಭ್ಯಾಸ ಇಲ್ಲದವ್ರು, ಹದಿನೈದರ ಮಗು ಬಂದ್ರೆ ಸೀದಾ ಎಂತನಾ, ಬಾ ಇಲ್ಲಿ. ನಾನೇ ಮೇಲೆ ಎಲ್ಲ ವಾಕ್ಯದಲ್ಲೂ ನೀನು ಅಂತ ಬರೆದಿದ್ದೇನೆ ನೋಡಿ, ಸಲುಗೆ ಬೇಕಾದಲ್ಲಿ ನೀನು ಅನ್ನೋದು ಹಿತವಾಗ್ತದೆ ಅಂತ ನನ್ನ ವಾದ, ನನ್ನ ಸಹೋದ್ಯೋಗಿ ಒಬ್ರು ಒಪ್ಪೋದಿಲ್ಲ, ಎಲ್ಲರಿಗೂ ನೀವು ಅನ್ಬೇಕು ಅಂತಾರೆ. ಆದ್ರೆ ಕೇಸ್ ಪ್ರೆಸೆಂಟ್ ಮಾಡುವಾಗ, ನರ್ಸ್ ಹತ್ರ ಹೇಳುವಾಗ, ಅವರು. ಅದ್ರಲ್ಲಿ ನಮಗಿಬ್ರಿಗೂ ಜಗಳ ಇಲ್ಲ.

ಹೆಸರೂ ಹಾಗೆಯೇ. ಆಧಾರಲ್ಲಿ ಒಂದು ಹೆಸರು, ಆ ಮಗು ತನ್ನನ್ನ ಕರ್ಕೊಳ್ಳೋದು ಇನ್ನೊಂದು. ಕಾರಿಡಾರಲ್ಲಿ ಐವತ್ತು ಜನರ ಎದುರು ಹಳೇ ಹೆಸರು ಕೂಗಿದ್ರೆ ಒಳಗೆ ಬಂದ ಮೇಲೆ ನೀವೆಷ್ಟು ಸಿಹಿ ಮಾತಾಡಿಯೂ ಪ್ರಯೋಜನ ಇಲ್ಲ, ಟೋಕನ್ ನಂಬರ್ ಕರೀರಿ. ಒಳಗೆ ನಿಮ್ಮನ್ನ ಏನಂತ ಕರೀಬೇಕು, ಈರೆನ್ ಎಂಚ ಲೆಪ್ಪೊಡು. ಮನೆಯವ್ರ ಎದುರು ಯಾವ ಹೆಸರು ಬಳಸ್ಬೇಕು ಅಂತಲೂ ಅದೇ ಉಸಿರಲ್ಲಿ ಕೇಳ್ಬೇಕು, ಇಲ್ಲದಿದ್ರೆ ಒಳ್ಳೇದು ಮಾಡ್ಲಿಕ್ಕೆ ಹೋಗಿ ಅಮ್ಮನ ಎದುರು ಗುಟ್ಟು ರಟ್ಟು ಮಾಡಿ ಬಿಡ್ತೀರಿ.

ಗುರುತಿನ ಶಬ್ದಗಳ ಬಗ್ಗೆ ಮಕ್ಕಳು ಕೇಳ್ತಾರೆ, ಕನ್ನಡದಲ್ಲಿ ಏನನ್ಬೇಕು ಅಂತ. ಸಲಿಂಗಕಾಮಿ ಅನ್ನೋ ಪೇಪರಿನ ಶಬ್ದದಲ್ಲೇ ಕಾಮ ಕೂತಿದೆ, ಯಾರ ಜೊತೆಯೂ ಕೈ ಹಿಡಿದು ಕೂತಿರದ ಹದಿನಾರರ ಹುಡುಗನಿಗೆ ಅದು ಬೈಗುಳದ ಹಾಗೆಯೇ ಕೇಳ್ತದೆ. ಟ್ರಾನ್ಸ್ ಜನರಿಗೆ ಸರ್ಕಾರಿ ಭಾಷೆಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರು, ಪೇಪರಲ್ಲಿ ಮಂಗಳಮುಖಿ, ಉತ್ತರ ಕರ್ನಾಟಕದ ಕಡೆ ಜೋಗಪ್ಪ ಅನ್ನೋ ಬೇರೆಯೇ ಒಂದು ಪರಂಪರೆ. ಇವೆಲ್ಲ ತಿಳಿದಿರ್ಲಿ, ಆದ್ರೆ ಇನ್‌ಸ್ಟಾಗ್ರಾಂ ನೋಡಿ ಬೆಳೆದ ಇಲ್ಲಿಯ ಮಕ್ಕಳು ಗೇ, ಬೈ, ಟ್ರಾನ್ಸ್, ಕ್ವಿಯರ್ ಅಂತಲೇ ಹೇಳ್ತಾರೆ, ಬಹಳ ಮಂದಿ ಯಾವ ಹೆಸರೂ ಇಟ್ಕೊಳ್ಳೋದಿಲ್ಲ. ಮಗು ಯಾವ ಶಬ್ದ ಹೇಳ್ತೋ ಅದನ್ನೇ ವಾಪಸ್ ಬಳಸೋದು. ಡಿಫರೆಂಟ್ ಅಂದ್ರೆ ಡಿಫರೆಂಟ್. ನೀವು ಮೇಲಿಂದ ಒಂದು ಲೇಬಲ್ ಅಂಟಿಸ್ಲಿಕ್ಕೆ ಹೋಗ್ಬೇಡಿ. ಒಂಬತ್ತು, ಚಕ್ಕ ಅನ್ನೋ ಶಬ್ದಗಳನ್ನ ಮಕ್ಕಳು ಶಾಲೆಯಲ್ಲಿ ಬಳಸಿಯೇ ಬಂದಿರ್ತಾರೆ, ಅದಕ್ಕೆ ಕಣ್ಣು ಮುಚ್ಚೋದು ಬೇಡ, ಒಂದು ಸಲ ಬೋರ್ಡಲ್ಲಿ ಬರೆದು, ನಿಮ್ಮ ರೋಗಿ ಇದನ್ನ ಎಷ್ಟು ಸಲ ಕೇಳಿ ಬಂದಿರ್ಬಹುದು ಅಂತ ಕೇಳಿ ಒರೆಸಿ.

ಇಲ್ಲಿಯ ಮಕ್ಕಳಲ್ಲಿ ಕೆಲವ್ರು ನಮ್ಮಲ್ಲಿ ಯಕ್ಷಗಾನದ ಸ್ತ್ರೀವೇಷ ಉಂಟಲ್ಲ ಸರ್, ನಮ್ಮ ಸಮಾಜ ಒಪ್ಪಿದೆ ಅಂತಾರೆ. ಸ್ತ್ರೀವೇಷ ಕಲೆ, ಬೆಳಗ್ಗೆ ಬಣ್ಣ ತೆಗೆದ್ರೆ ಆ ಕಲಾವಿದ ಮನೆಗೆ ಹೋಗ್ತಾನೆ. ಟ್ರಾನ್ಸ್ ಮಗುವಿಗೆ ಬೆಳಗ್ಗೆ ತೆಗೀಲಿಕ್ಕೆ ಬಣ್ಣವೇ ಇಲ್ಲ. ಅದೇ ರೀತಿ ಉಲ್ಟಾ, ವೇಷ ಹಾಕಿ ಹಾಕಿ ಮಗ ಹೀಗಾದ ಅಂತ ಅಳುವ ಅಮ್ಮಂದಿರೂ ಬರ್ತಾರೆ, ವೇಷದಿಂದ ಯಾರೂ ಹಾಗಾಗೋದಿಲ್ಲ ಅಂತ ಅವ್ರಿಗೆ ಮೆಲ್ಲ ಹೇಳ್ಬೇಕು.

ಅಮ್ಮಂದಿರ ಮಾತು ಬಂತು, ನಿಮ್ಮ ಎರಡನೇ ಗಂಟೆ ಪೂರ್ತಿ ಅದಕ್ಕೇ ಇಡಿ ಅಂತ ನಾನು ಹೇಳ್ತೇನೆ. ಯಾಕಂದ್ರೆ ಮಗುವಿನ ಜೊತೆ ಮಾತಾಡ್ಲಿಕ್ಕೆ ಸ್ಟೂಡೆಂಟ್ಸ್ ಬೇಗ ಕಲೀತಾರೆ, ವಯಸ್ಸಲ್ಲಿ ಹತ್ರ. ಅವ್ರು ಕುಸಿಯೋದು ಅಮ್ಮ ಒಳಗೆ ಬಂದು ಇದನ್ನ ಸರಿ ಮಾಡ್ಬಹುದಾ ಡಾಕ್ಟ್ರೇ, ಯಾವ್ದಾದ್ರೂ ಇಂಜೆಕ್ಷನ್ ಉಂಟಾ, ಮದುವೆ ಮಾಡ್ಸಿದ್ರೆ ಸರಿ ಹೋಗ್ತದಾ ಅಂದಾಗ. ಈ ಹಂತದಲ್ಲಿ ಡಾಕ್ಟ್ರು ಬಳಿ ಬರೋ ಮೊದಲೇ ಜೋಯಿಸರ ಹತ್ರ ಪ್ರಶ್ನೆ ಇಟ್ಟಾಗಿರ್ತದೆ, ದೈವಕ್ಕೆ ಹರಕೆ ಹೇಳಿಯಾಗಿರ್ತದೆ. ಅದನ್ನ ಗೇಲಿ ಮಾಡುವ ಸ್ಟೂಡೆಂಟ್ ಅಲ್ಲಿಗೇ ಅಮ್ಮನನ್ನ ಕಳ್ಕೊಳ್ತಾನೆ. ಮೊದಲು ಅವ್ರ ಹೆದರಿಕೆ ಕೇಳ್ಬೇಕು, ಹೆಚ್ಚಿನವ್ರಿಗೆ ಇರೋದು ಮಗುವಿನ ಮೇಲಿನ ಸಿಟ್ಟಿಗಿಂತ ನೆಂಟರಿಷ್ಟರು ಏನು ಹೇಳ್ತಾರೆ, ನಾನು ಸತ್ತ ಮೇಲೆ ಇವನಿಗೆ ಯಾರು ಅನ್ನೋ ಚಿಂತೆ. ಆಮೇಲೆ ಸ್ಪಷ್ಟ ಹೇಳ್ಬೇಕು, ಇದು ಕಾಯಿಲೆ ಅಲ್ಲ, ಹಾಗಾಗಿ ಮದ್ದಿಲ್ಲ. ಅಮೆರಿಕದ ಮನೋವೈದ್ಯರ ಸಂಘ ಸಲಿಂಗ ಆಕರ್ಷಣೆಯನ್ನ ಕಾಯಿಲೆ ಪಟ್ಟಿಯಿಂದ ತೆಗೆದದ್ದು 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ, ನಮ್ಮ ಇಂಡಿಯನ್ ಸೈಕಿಯಾಟ್ರಿಕ್ ಸೊಸೈಟಿಯೂ 2018ರಲ್ಲಿ ಇದು ಕಾಯಿಲೆ ಅಲ್ಲ ಅಂತ ಹೇಳಿದೆ. ಬದಲಾಯಿಸ್ತೇವೆ ಅಂತ ಹೇಳಿ ಕನ್ವರ್ಷನ್ ಥೆರಪಿ ಮಾಡೋದು ವೃತ್ತಿ ದುರ್ನಡತೆ ಅಂತ ಎನ್‌ಎಂಸಿ (ನ್ಯಾಷನಲ್ ಮೆಡಿಕಲ್ ಕಮಿಷನ್) 2022ರಲ್ಲಿ ರಾಜ್ಯ ಮೆಡಿಕಲ್ ಕೌನ್ಸಿಲುಗಳಿಗೆ ಬರೆದದ್ದುಂಟು, ಅದರ ಹಿಂದೆ ಇದ್ದದ್ದು 2021ರ ಮದ್ರಾಸ್ ಹೈಕೋರ್ಟ್ ಕೇಸು. ಆ ಕೇಸಿನ ಜಡ್ಜ್ ಆನಂದ್ ವೆಂಕಟೇಶ್ ಅವ್ರು ತನಗೆ ಈ ವಿಷಯ ಅರ್ಥ ಆಗಿಲ್ಲ ಅಂತ ಹೇಳಿ ತಾನೇ ಸೈಕಾಲಜಿಸ್ಟ್ ಹತ್ರ ಹೋಗಿ ಕೂತು ತಿಳ್ಕೊಂಡು ಬಂದು ತೀರ್ಪು ಕೊಟ್ರು. ಮುಜುಗರ ಅಂತ ಬರೆದಿದ್ರಲ್ಲ ನೀವು, ಅವ್ರನ್ನ ನೆನಪು ಮಾಡ್ಕೊಳ್ಳಿ.

ಅಮ್ಮನಿಗೆ ಹೇಳ್ಲಿಕ್ಕೆ ಇನ್ನೊಂದು ಗಟ್ಟಿ ವಿಷಯ ಉಂಟು. ಅಮೆರಿಕದಲ್ಲಿ ಕೇಟ್ಲಿನ್ ರಯಾನ್ ತಂಡ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 21ರಿಂದ 25 ವರ್ಷದ 224 ಗೇ, ಲೆಸ್ಬಿಯನ್, ಬೈ ಯುವಕ ಯುವತಿಯರಲ್ಲಿ, ಹದಿಹರೆಯದಲ್ಲಿ ಮನೆಯವ್ರಿಂದ ತುಂಬ ತಿರಸ್ಕಾರ ಕಂಡವ್ರು ಆತ್ಮಹತ್ಯೆಗೆ ಪ್ರಯತ್ನಿಸಿದ್ದು, ತಿರಸ್ಕಾರ ಇಲ್ಲದ ಅಥವಾ ಕಡಿಮೆ ಇದ್ದವ್ರಿಗಿಂತ 8.4 ಪಟ್ಟು ಹೆಚ್ಚು. ಅಲ್ಲಿಯ ಲೆಕ್ಕ ಇಲ್ಲಿಗೆ ಹಾಗೇ ತಂದು ಅಂಟಿಸ್ಲಿಕ್ಕೆ ಬರೋದಿಲ್ಲ, ನಂಬರನ್ನ ಅಮ್ಮನಿಗೆ ಹೇಳೋದೂ ಬೇಡ, ಸ್ಟೂಡೆಂಟಿಗೆ ಗೊತ್ತಿದ್ರೆ ಸಾಕು. ಅಮ್ಮನಿಗೆ ಹೇಳೋದು ಇಷ್ಟೇ, ಮನೆಯಲ್ಲಿ ನೀವು ಹೇಗೆ ನಡ್ಕೊಳ್ತೀರೋ ಅದರ ಮೇಲೆ ಇವನ ಜೀವ ನಿಂತಿದೆ, ಇವತ್ತೇ ಒಪ್ಪಿ ಅಂತ ಹೇಳೋದಿಲ್ಲ, ಹೊರಗೆ ಹಾಕ್ಬೇಡಿ, ಹೊಡೀಬೇಡಿ, ಊಟಕ್ಕೆ ಒಟ್ಟಿಗೆ ಕೂರಿ.

ಧರ್ಮದ ಹುಡುಗನಿಗೆ ಏನು ಹೇಳೋದು. ಅವನ ಜೊತೆ ಚರ್ಚಾಕೂಟ ಮಾಡ್ಬೇಡಿ, ಕ್ಲಾಸಲ್ಲಿ ಇದು ಸರಿಯಾ ತಪ್ಪಾ ಅಂತ ಕೈ ಎತ್ತಿಸೋದಂತೂ ಬೇಡವೇ ಬೇಡ. ಆ 150ರಲ್ಲಿ ಕೆಲವ್ರು ತಾವೇ ಗೇ ಅಥವಾ ಟ್ರಾನ್ಸ್ ಇರ್ತಾರೆ, ತಮ್ಮ ಬದುಕಿಗೆ ಬೆಂಚ್‌ಮೇಟುಗಳು ವೋಟು ಹಾಕೋದನ್ನ ಕೂತು ನೋಡ್ಬೇಕಾ ಅವ್ರು. ಅದೇ ಕಾರಣಕ್ಕೆ ಯಾರಾದ್ರೂ ನಿಮ್ಮ ಅನುಭವ ಹೇಳಿ ಅಂತಲೂ ಕರೀಬೇಡಿ. ಆ ಹುಡುಗನಿಗೆ ನಾನು ಹೇಳೋದು, ನೀನು ಕುಡಿಯೋದಿಲ್ಲ ಅಲ್ವಾ, ಕುಡಿದು ಲಿವರ್ ಹೋದವ ಬಂದ್ರೆ ಹೊಟ್ಟೆಯ ನೀರು ತೆಗೀತೀಯ ಅಲ್ವಾ, ನಿನ್ನ ನಂಬಿಕೆ ನಿನ್ನಲ್ಲಿರ್ಲಿ, ಅದು ಏನು ಅಂತ ರೋಗಿಗೆ ನಿನ್ನ ಮುಖ ನೋಡಿ ಗೊತ್ತಾಗ್ಬಾರ್ದು, ನಾನು ಮಾರ್ಕ್ ಕೊಡೋದು ಅದಕ್ಕೆ. ಹೆಚ್ಚಿನವ್ರಿಗೆ ಇದು ಸಮಾಧಾನ ಆಗ್ತದೆ. ಆಗದಿದ್ದವ್ರಿಗೆ ಕಾನೂನು ತೋರ್ಸಿ: 2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟ್ ನವತೇಜ್ ಜೋಹರ್ ಕೇಸಲ್ಲಿ ವಯಸ್ಕರ ಸಮ್ಮತಿಯ ಸಂಬಂಧವನ್ನ, ಅದನ್ನ ಅಪರಾಧ ಅಂತಿದ್ದ ಆಗಿನ ಐಪಿಸಿ ಸೆಕ್ಷನ್ 377ರಿಂದ ಹೊರಗೆ ತಂದಿದೆ, 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಲೈಂಗಿಕ ಒಲವಿನ ಮೇಲೆ ಚಿಕಿತ್ಸೆಯಲ್ಲಿ ಭೇದ ಮಾಡ್ಬಾರ್ದು ಅಂತ ಸೀದಾ ಬರೆದಿದೆ.

ಇಲ್ಲಿ ಒಂದು ಕತೆ ಹೇಳ್ಲೇಬೇಕು, ಮಕ್ಕಳು ಇನ್ನೂ ಹಳೇ ವಿಚಾರದಲ್ಲಿ ಯಾಕಿದ್ದಾರೆ ಅಂತ ನಾವು ಆಶ್ಚರ್ಯ ಪಡ್ತೇವಲ್ಲ. 2024ರ ಆಗಸ್ಟ್ 31ಕ್ಕೆ ಎನ್‌ಎಂಸಿ ಹೊಸ ಪಠ್ಯಕ್ರಮ ಬಿಟ್ಟಿತು, ಫೊರೆನ್ಸಿಕ್ ಮೆಡಿಸಿನಲ್ಲಿ ಸೊಡೊಮಿ ಮತ್ತು ಲೆಸ್ಬಿಯನಿಸಂ ಮತ್ತೆ ಅಸಹಜ ಲೈಂಗಿಕ ಅಪರಾಧ ಅಂತ ವಾಪಸ್ ಬಂದು ಕೂತಿತ್ತು, ಸುಪ್ರೀಂ ಕೋರ್ಟ್ ತೀರ್ಪು ಬಂದು ಆರು ವರ್ಷ ಆದ ಮೇಲೆ. ಗಲಾಟೆ ಆಗಿ ಸೆಪ್ಟೆಂಬರ್ 5ಕ್ಕೆ ಹಿಂದೆ ತಗೊಂಡ್ರು, 12ಕ್ಕೆ ತಿದ್ದಿದ್ದು ಬಂತು. ಆದ್ರೆ ಹಾಸ್ಟೆಲ್ ಲೈಬ್ರರಿಯ ಹಳೇ ಪುಸ್ತಕ ಯಾರು ಹಿಂದೆ ತಗೊಳ್ತಾರೆ. ನಿಮ್ಮ ಕಾಲೇಜಿನ ಫೊರೆನ್ಸಿಕ್ ಡಿಪಾರ್ಟ್‌ಮೆಂಟಿನವ್ರ ಜೊತೆ ಒಂದು ಚಾ ಕುಡಿದು ಮಾತಾಡಿ, ನೀವು ಸೋಮವಾರ ಕಟ್ಟಿದ್ದನ್ನ ಅವ್ರು ಬುಧವಾರ ಕೆಡವದ ಹಾಗೆ.

ಗಂಟೆ ಸಾಕಾಗೋದಿಲ್ಲ ಅನ್ನೋ ಚಿಂತೆ ಬೇಡ. 2011ರಲ್ಲಿ ಜಾಮಾ ಅನ್ನೋ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಸರ್ವೆ ಪ್ರಕಾರ ಅಮೆರಿಕ ಕೆನಡಾದ ಮೆಡಿಕಲ್ ಕಾಲೇಜುಗಳಲ್ಲೇ ಇಡೀ ಕೋರ್ಸಿಗೆ ಈ ವಿಷಯಕ್ಕೆ ಸಿಗ್ತಿದ್ದದ್ದು ಮೀಡಿಯನ್ (ಸಾಲಾಗಿ ಇಟ್ರೆ ನಡುವಿನ ಲೆಕ್ಕ) 5 ಗಂಟೆ, ಮೂರರಲ್ಲೊಂದು ಕಾಲೇಜಲ್ಲಿ ರೋಗಿಗಳನ್ನ ನೋಡಿ ಕಲಿಯೋ ಕ್ಲಿನಿಕಲ್ ವರ್ಷಗಳಲ್ಲಿ ಸೊನ್ನೆ. ನಿಮ್ಮ ಎರಡನ್ನ ಹೇಗೆ ಹಂಚೋದು ಅಂದ್ರೆ, 150 ಜನರನ್ನ ಒಟ್ಟಿಗೆ ಕೂರ್ಸ್ಬೇಡಿ, ಹತ್ತು ಹನ್ನೆರಡರ ಗುಂಪು ಮಾಡಿ, ಪಿಜಿಗಳನ್ನ ಮೊದಲೇ ಒಂದು ದಿನ ನೀವೇ ತಯಾರು ಮಾಡಿ ಒಂದೊಂದು ಗುಂಪಿಗೆ ಬಿಡಿ. ರೋಗಿಯ ಪಾತ್ರಕ್ಕೆ ನಮ್ಮ ಊರಲ್ಲಿ ಜನರಿಗೆ ಬರ ಉಂಟಾ ಮಾರಾಯ್ರೇ, ತುಳು ನಾಟಕದವ್ರು, ಕಾಲೇಜು ರಂಗತಂಡದವ್ರು, ಹದಿನೆಂಟು ದಾಟಿದ ಎಳೆ ಮುಖದವ್ರು ಬೇಕಷ್ಟು ಸಿಗ್ತಾರೆ. ಒಂದೇ ಎಚ್ಚರಿಕೆ, ಕಾಮಿಡಿ ಮಾಡಿ ಅಭ್ಯಾಸ ಇದ್ದವ್ರು ಕೈ ತಿರುಗಿಸಿ ಸೊಂಟ ಬಳುಕಿಸ್ಲಿಕ್ಕೆ ಶುರು ಮಾಡ್ತಾರೆ, ರಿಹರ್ಸಲಲ್ಲೇ ನಿಲ್ಸಿ, ಸುಮ್ನೆ ತಲೆ ತಗ್ಗಿಸಿ ಕೂತ ಒಬ್ಬ ಹುಡುಗ ಸಾಕು. ಸಮುದಾಯದವ್ರನ್ನ ಕರೆದ್ರೆ ಇನ್ನೂ ಒಳ್ಳೇದು, ಆದ್ರೆ ಸ್ಟೇಜಲ್ಲಿ ಕೂರ್ಸಿ ಆಪರೇಷನ್ ಆಗಿದ್ಯಾ ಅಂತ ಕೇಳ್ಸೋದಕ್ಕಲ್ಲ, ಗುಂಪಲ್ಲಿ ಕೂತು ಸ್ಟೂಡೆಂಟ್ ಮಾತಿಗೆ ಫೀಡ್‌ಬ್ಯಾಕ್ ಕೊಡ್ಲಿಕ್ಕೆ, ಮತ್ತೆ ಗೆಸ್ಟ್ ಲೆಕ್ಚರರಿಗೆ ಕೊಡುವಷ್ಟೇ ಗೌರವಧನ ಬಸ್ ಚಾರ್ಜ್ ಎರಡೂ ಕೊಟ್ಟು.

ಆಪರೇಷನ್ ಅಂದಾಗ ನೆನಪಾಯ್ತು, ಸ್ಕೂಟರಿಂದ ಬಿದ್ದು ಕೈ ಮುರಿದುಕೊಂಡು ಬಂದ ಟ್ರಾನ್ಸ್ ಹುಡುಗಿಯ ಕೇಸ್ ಒಂದು ಬರೆಸಿ ಇಟ್ಕೊಳ್ಳಿ. ಹೆಚ್ಚಿನ ಸ್ಟೂಡೆಂಟ್ಸ್ ಐದು ನಿಮಿಷದಲ್ಲಿ ಹಾರ್ಮೋನು, ಸರ್ಜರಿ, ಮನೆಯವ್ರು ಎಲ್ಲ ಕೇಳಿ, ಕೈ ನೋವು ಎಷ್ಟುಂಟು ಅಂತ ಕೇಳೋದೇ ಮರೀತಾರೆ. ಆಗ ನೀವು ಏನೂ ಹೇಳ್ಬೇಕಾಗಿಲ್ಲ, ಪಾತ್ರ ಮಾಡಿದವಳೇ ಹೇಳ್ತಾಳೆ.

ಕೇಸ್ ಶೀಟ್ ಬಗ್ಗೆ ಎರಡು ನಿಮಿಷ ಇಡಿ. ಅದನ್ನ ಅಟೆಂಡರ್ ಓದ್ತಾನೆ, ಇನ್ಶೂರೆನ್ಸಿನವ ಓದ್ತಾನೆ, ಮಾವ ಫೋಟೋ ತೆಗೀತಾನೆ. ಇದನ್ನ ಬರೀಲಾ ಅಂತ ಕೇಳಿ ಬರೀಬೇಕು, ಬೇಡ ಅಂದ್ರೆ ಚಿಕಿತ್ಸೆಗೆ ಬೇಕಾದಷ್ಟೇ.

ಕೊನೆಗೆ ಪರೀಕ್ಷೆ. ಮಾರ್ಕ್ ಇಲ್ಲದ್ದನ್ನ ನಮ್ಮ ಮಕ್ಕಳು ಮೂಸಿಯೂ ನೋಡೋದಿಲ್ಲ ಅಂತ ನಿಮಗೆ ಗೊತ್ತು. ಆಸ್ಕಿಯಲ್ಲಿ, ಅಂದ್ರೆ ಸ್ಟೇಷನಿಂದ ಸ್ಟೇಷನಿಗೆ ಹೋಗಿ ಮಾಡಿ ತೋರಿಸೋ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ, ಒಂದು ಸ್ಟೇಷನ್ ಕೇಳಿ ತಗೊಳ್ಳಿ, ಏಳು ನಿಮಿಷ, ಅಮ್ಮ ಮತ್ತು ಮಗು ಇಬ್ರೂ ಕೂತಿರ್ತಾರೆ. ಅಮ್ಮನನ್ನ ಮರ್ಯಾದೆಯಿಂದ ಹೊರಗೆ ಕಳ್ಸಿದ್ರಾ, ಗುಟ್ಟು ಮತ್ತು ಅದರ ಗಡಿ ಎರಡೂ ಹೇಳಿದ್ರಾ, ಬಾಯ್‌ಫ್ರೆಂಡ್ ಗರ್ಲ್‌ಫ್ರೆಂಡ್ ಅಂತ ಊಹಿಸದೆ ಕೇಳಿದ್ರಾ, ಸಾಯುವ ಯೋಚನೆ ಕೇಳಿದ್ರಾ, ಮುಂದಿನ ಸಲ ಯಾವಾಗ ಬರ್ಬೇಕು ಅಂತ ಹೇಳಿದ್ರಾ. ಅರ್ಧ ಮಾರ್ಕ್ ಎಗ್ಸಾಮಿನರ್ ಕೈಯಲ್ಲಿ, ಅರ್ಧ ಪಾತ್ರ ಮಾಡಿದವ್ರ ಕೈಯಲ್ಲಿ, ಅವ್ರಿಗೆ ಒಂದೇ ಪ್ರಶ್ನೆ, ಈ ಡಾಕ್ಟ್ರ ಹತ್ರ ನೀವು ಮತ್ತೆ ಬರ್ತೀರಾ.

ನಿಮ್ಮ ಮುಜುಗರಕ್ಕೆ ಮದ್ದು ಕೇಳಿದ್ರೆ, ಮೇಲಿನ ವಾಕ್ಯಗಳನ್ನ ಮನೆಯಲ್ಲಿ ಕನ್ನಡಿ ಎದುರು ಜೋರಾಗಿ ಹೇಳಿ, ಮನಸ್ಸಲ್ಲಿ ಅಲ್ಲ, ಜೋರಾಗಿ. ಮೂರನೇ ಸಲಕ್ಕೆ ಗಂಟಲು ಸಡಿಲ ಆಗ್ತದೆ. ಅಮ್ಮನ ಪಾತ್ರಕ್ಕೆ ಯಾರೂ ಸಿಗದಿದ್ರೆ ನಿಮ್ಮ ಡಿಪಾರ್ಟ್‌ಮೆಂಟಿನ ಹಿರಿಯ ನರ್ಸಮ್ಮ ಒಬ್ರನ್ನ ಕೇಳಿ ನೋಡಿ, ನಂಗೆ ಸಿಕ್ಕಿದ ಅತಿ ಗಟ್ಟಿ ಅಮ್ಮ ಅವ್ರೇ, ಹನ್ನೊಂದು ಇಂಟರ್ನುಗಳಲ್ಲಿ ಒಂಬತ್ತು ಜನರಿಗೆ ಅವ್ರನ್ನ ಕುರ್ಚಿಯಿಂದ ಎಬ್ಬಿಸ್ಲಿಕ್ಕೇ ಆಗ್ಲಿಲ್ಲ.